ಜಗಲಿ ಕಟ್ಟೆ: ಜಾಥಾಕ್ಕೆ ದುಡ್ಡಿದೆ, ಹುಡುಗರ ಪಕ್ಕ ಕೂರೋರು ಯಾರು?

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಒಬ್ರು ಅಜ್ಜ, ಮೊಮ್ಮಗ ಓದೋ ಹೈಸ್ಕೂಲ್ ಹಿಂದೆ ಹುಡುಗರು ಮೂಸಿ ಅಮಲೇರಿಸ್ಕೊಳ್ಳೋ ಪಂಕ್ಚರ್ ಸೊಲ್ಯೂಷನ್ ಟ್ಯೂಬು ಬಿದ್ದಿರ್ತವೆ, ಇದನ್ನ ಯಾರಿಗೆ ಹೇಳೋದು ಅಂತ ಕೇಳಿದ್ರಲ್ಲ, ಅದಕ್ಕೆ ನಾಲ್ಕು ಸಾಲು ಉತ್ತರ ಬರ್ದು ಸುಮ್ನಾಗಿದ್ದೆ. ಈ ತಿಂಗಳ ಟಪಾಲು, ವಾಟ್ಸಾಪು ಎಲ್ಲಾ ಅದೇ ವಿಷ್ಯ, ಶಾಲೆ ಮಕ್ಕಳ ಚಟ, ಹೊಡೆದಾಟ. ಅಡಿಕೆ ಕೊಳೆರೋಗದ ಪ್ರಶ್ನೆ ಕಳ್ಸಿದ ಮೂರು ಜನ ಬೇಜಾರು ಮಾಡ್ಕೋಬೇಡಿ, ಮುಂದಿನ ಸಲಕ್ಕೆ ಇಟ್ಟಿದೀನಿ. ಹೆಸರು ಯಾರದ್ದೂ ಹಾಕಿಲ್ಲ, ಕಾರಣ ನಿಮಗೇ ಗೊತ್ತಾಗತ್ತೆ.

ಪ್ರಶ್ನೆ: ಮೇಷ್ಟ್ರೇ, ನಾನು ನಮ್ಮೂರ ಶಾಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಡ್ರಗ್ಸು, ಹೊಡೆದಾಟ ಇಂಥದ್ದನ್ನ ತಡೆಯೋಕೆ ಅಂತ ಶಾಲೆಗೆ ಸರ್ಕಾರದಿಂದ ದುಡ್ಡು ಬರತ್ತಾ? ಹೆಡ್ ಮೇಷ್ಟ್ರು ಬರಲ್ಲ ಅಂತಾರೆ, ಪೇಪರಲ್ಲಿ ನೋಡಿದ್ರೆ ಕೋಟಿಗಟ್ಟಲೆ ಅಂತ ಬರತ್ತೆ. ಯಾವುದು ನಿಜ?
— ಹೊಸನಗರ ತಾಲ್ಲೂಕು

ಎರಡೂ ನಿಜ ಮಾರಾಯ್ರೆ, ಅದೇ ತೊಂದ್ರೆ. ನಿಮ್ಮ ಶಾಲೆ ಪಾಸ್‌ಬುಕ್ಕಿಗೆ ಆ ಹೆಸರಲ್ಲಿ ದುಡ್ಡು ಬೀಳಲ್ಲ, ಹೆಡ್ ಮೇಷ್ಟ್ರು ಸುಳ್ಳು ಹೇಳ್ತಿಲ್ಲ. ಪಾಸ್‌ಬುಕ್ಕಿಗೆ ಬರೋದು ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನ, ಕೇಂದ್ರದ್ದು 60 ಪಾಲು ರಾಜ್ಯದ್ದು 40 ಪಾಲು, ಅದೂ ಮಕ್ಕಳ ತಲೆ ಲೆಕ್ಕದ ಮೇಲೆ. 30 ಮಕ್ಕಳ ತನಕ ಇದ್ರೆ ವರ್ಷಕ್ಕೆ 10,000 ರೂಪಾಯಿ, 100ರ ತನಕ 25,000, 250ರ ತನಕ 50,000, ಸಾವಿರದ ತನಕ 75,000, ಅದಕ್ಕೂ ಮೇಲೆ ಹೋದ್ರೆ 1 ಲಕ್ಷ. ಇದ್ರಲ್ಲಿ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಇಡಬೇಕು. ಉಳಿದಿದ್ರಲ್ಲಿ ಸೀಮೆಸುಣ್ಣ, ಕರೆಂಟ್ ಬಿಲ್ಲು, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸೋದು, ಒಡೆದ ನಲ್ಲಿ. ನಮ್ಮ ಕಡೆ ಶಾಲೆಗಳಲ್ಲಿ ಮಕ್ಕಳು ಕಮ್ಮಿ, ಹಂಗಾಗಿ ದುಡ್ಡೂ ಕಮ್ಮಿ, ಆದ್ರೆ ಮಳೆ ಮಾತ್ರ ಮಕ್ಕಳ ಸಂಖ್ಯೆ ನೋಡ್ಕೊಂಡು ಸುರಿಯಲ್ವಲ್ಲ.

ಇನ್ನು ಪೇಪರಲ್ಲಿ ಬರೋ ಕೋಟಿ. ಅದು ಬೇರೆ ಇಲಾಖೆದು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2020ರ ಆಗಸ್ಟ್ 15ಕ್ಕೆ ನಶಾ ಮುಕ್ತ ಭಾರತ ಅಭಿಯಾನ ಶುರು ಮಾಡ್ತು, ಮೊದ್ಲು 272 ಜಿಲ್ಲೆಗಳಲ್ಲಿ. ಅದರ ದುಡ್ಡು ಹೆಚ್ಚಾಗಿ ವ್ಯಸನಮುಕ್ತಿ ಕೇಂದ್ರ ನಡೆಸೋ ಸಂಸ್ಥೆಗಳಿಗೆ, ತರಬೇತಿಗೆ, ಪ್ರಚಾರಕ್ಕೆ ಹೋಗತ್ತೆ. ಶಾಲೆ ಮೇಷ್ಟ್ರುಗಳಿಗೆ ಕಲಿಸೋಕೆ 'ನವಚೇತನ' ಅಂತ ಪಾಠದ ಪುಸ್ತಕನೂ ಮಾಡಿದಾರೆ. ಆರೋಗ್ಯ ಇಲಾಖೆದು ಇನ್ನೊಂದು ದಾರಿ, ಪೊಲೀಸ್ ಇಲಾಖೆದು ಮತ್ತೊಂದು, ರಾಜ್ಯದ ಮದ್ಯಪಾನ ಸಂಯಮ ಮಂಡಳಿದು ಮಗದೊಂದು. ನಾಲ್ಕು ಹೊಳೆನೂ ಹರೀತಾವೆ, ಶಾಲೆ ಬಾವಿಗೆ ಒಂದೂ ತಿರುಗಿಲ್ಲ.

ಶಾಲೆಗೆ ತಲುಪೋದು ಒಂದೇ ದಿನ, ಜೂನ್ 26, ಮಾದಕ ವಸ್ತು ವಿರೋಧಿ ದಿನ. ನಾನು ಹೆಡ್ ಮೇಷ್ಟ್ರಾಗಿದ್ದಾಗ ಮಾಡಿದ್ದೇ ಹೇಳ್ತೀನಿ. ನಮ್ಮಲ್ಲಿ ಜೂನ್ ಕೊನೆ ಅಂದ್ರೆ ಗೊತ್ತಲ್ಲ, ಬೆಳಿಗ್ಗೆ ಒಂಬತ್ತಕ್ಕೂ ಲೈಟ್ ಹಾಕ್ಬೇಕು. ಅಂಥಾ ಮಳೇಲಿ ಬಸ್ ಸ್ಟ್ಯಾಂಡ್ ತನಕ ಜಾಥಾ, ಮಕ್ಕಳ ಕೈಲಿ ರಟ್ಟಿನ ಬೋರ್ಡು, 'ಮಾದಕ ವಸ್ತು ತ್ಯಜಿಸಿ' ಅಂತ ಸ್ಕೆಚ್ ಪೆನ್ನಲ್ಲಿ ಬರ್ದಿದ್ದು ಅರ್ಧ ದಾರಿಗೇ ನೀಲಿ ನೀರಾಗಿ ಮೊಣಕೈ ತನಕ ಇಳೀತಿತ್ತು. ಆಮೇಲೆ ಸಭೆ, ಹಾರ, ಶಾಲು, ಪ್ರತಿಜ್ಞೆ, ಉಪ್ಪಿಟ್ಟು. ಫೋಟೋ ತೆಗ್ದು ಮೇಲಿನವರಿಗೆ ಕಳ್ಸಿದ್ವಿ, ವರದಿ ಆಯ್ತು. ಆ ಫೋಟೋದಲ್ಲಿ ಬ್ಯಾನರಿನ ಎಡಗಡೆ ಕೋಲು ಹಿಡ್ಕೊಂಡಿದ್ದ ಹುಡುಗ ಒಂಬತ್ತನೇ ಕ್ಲಾಸು, ಅವನ ಹತ್ರ ಹೋದ್ರೆ ಯಾವಾಗ್ಲೂ ಸೊಲ್ಯೂಷನ್ ವಾಸನೆ, ಅವರಪ್ಪಂದು ಸೈಕಲ್ ಶಾಪ್ ಇರ್ಬೇಕು ಅಂದ್ಕೊಂಡಿದ್ದೆ. ಅವರಪ್ಪ ಕೊನೆಗಾರ, ಅಡಿಕೆ ಮರ ಹತ್ತೋರು, ಮನೇಲಿ ಸೈಕಲ್ಲೇ ಇರ್ಲಿಲ್ಲ, ಇದು ನನಗೆ ಗೊತ್ತಾಗಿದ್ದು ದೀಪಾವಳಿ ಕಳೆದ ಮೇಲೆ, ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ. ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡ್ದೆ.

ಸೊಲ್ಯೂಷನ್ನು, ವೈಟ್ನರು ಇವನ್ನೆಲ್ಲ ದೊಡ್ಡೋರು ಡ್ರಗ್ಸು ಅಂತಾನೇ ಲೆಕ್ಕಕ್ಕೆ ಇಡಲ್ಲ. ದಿಲ್ಲಿ ಏಮ್ಸ್‌ನವರು ದೇಶಾದ್ಯಂತ ಸರ್ವೆ ಮಾಡಿ 2019ರಲ್ಲಿ ಕೊಟ್ಟ ವರದೀಲಿ ದೊಡ್ಡೋರಿಗಿಂತ ಮಕ್ಕಳೇ ಜಾಸ್ತಿ ಇರೋ ಚಟ ಅಂತ ಕಂಡಿದ್ದು ಇದೊಂದೇ, 10ರಿಂದ 17 ವರ್ಷದೋರಲ್ಲಿ ಶೇ. 1.17, ದೊಡ್ಡೋರಲ್ಲಿ ಶೇ. 0.58. ಇದು ಅಂಗಡೀಲಿ ಕೇಳಿದ್ರೆ ಸಿಗೋ ಮಾಲು, ಯಾವ ಪೆಡ್ಲರೂ ಬೇಡ.

ಈಗ ನೀವು ಏನು ಮಾಡ್ಬಹುದು. ಎಸ್‌ಡಿಎಂಸಿ ಮೀಟಿಂಗಲ್ಲಿ ಮುಂದಿನ ವರ್ಷದ ಶಾಲಾ ಅಭಿವೃದ್ಧಿ ಯೋಜನೆ ಬರೆಯೋವಾಗ ಇದನ್ನ ಸೇರಿಸಿ ಅಂತ ಠರಾವು ಬರೆಸಿ, ಬಾಯಲ್ಲಿ ಹೇಳಿದ್ದು ಚಾ ಕುಡಿಯೋಷ್ಟರಲ್ಲಿ ಮರ್ತು ಹೋಗತ್ತೆ. ಕಾಂಪೌಂಡು, ಶಾಲೆ ಹಿಂದಿನ ಕತ್ತಲೆ ಜಾಗಕ್ಕೆ ಲೈಟು, ಆಟದ ಮೈದಾನ, ಇದನ್ನ ಗ್ರಾಮ ಪಂಚಾಯ್ತಿಗೆ ಕೇಳಿ, ಎಷ್ಟೋ ಶಾಲೆ ಕಾಂಪೌಂಡು ಪಂಚಾಯ್ತಿಯಿಂದ್ಲೇ ಆಗಿರೋದು. ಮಕ್ಕಳ ಗ್ರಾಮ ಸಭೆ ಮಾಡ್ತಾರಲ್ಲ, ಅಲ್ಲಿ ಮಕ್ಕಳೇ ಎದ್ದು ನಿಂತು ಕೇಳೋ ಹಂಗೆ ಮಾಡಿ, ಹುಡುಗಿಯೊಬ್ಳು ಮೈಕಲ್ಲಿ ಕೇಳಿದ್ರೆ ಪಿಡಿಒ ಬರ್ಕೊಳ್ದೆ ಇರೋಕಾಗಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೇಲಿ ಎನ್‌ಕಾರ್ಡ್ ಅಂತ ಜಿಲ್ಲಾ ಸಮಿತಿ ಇದೆ, ಮಾದಕ ವಸ್ತು ವಿಷ್ಯಕ್ಕೇ ಇರೋದು, ಅಲ್ಲಿಗೆ ನಿಮ್ಮ ಠರಾವಿನ ನಕಲು ಕಳ್ಸಿ.

ಪ್ರಶ್ನೆ: ಸಾರ್, ನನ್ನ ಮಗನಿಗೆ 16 ವರ್ಷ. ಬ್ಯಾಗ್ ತೊಳೆಯೋಕೆ ಹಾಕೋವಾಗ ಸಣ್ಣ ಪೊಟ್ಟಣ ಸಿಕ್ತು, ಗಾಂಜಾ ಅಂತ ಅವನೇ ಒಪ್ಕೊಂಡ. ಅವರಪ್ಪಂಗೆ ಇನ್ನೂ ಹೇಳಿಲ್ಲ, ಹೇಳಿದ್ರೆ ಕೊಂದೇ ಬಿಡ್ತಾರೆ. ಶಾಲೇಲಿ ಹೇಳಿದ್ರೆ ಟಿಸಿ ಕೊಡ್ತಾರೆ, ಪೊಲೀಸಿಗೆ ಹೋದ್ರೆ ಪಾಸ್‌ಪೋರ್ಟು, ನೌಕರಿ ಎಲ್ಲಾ ಹಾಳಾಗತ್ತೆ ಅಂತ ನಮ್ಮಣ್ಣ ಹೇಳ್ತಾರೆ. ರಾತ್ರಿ ನಿದ್ದೆ ಇಲ್ಲ.
— ಒಬ್ಬ ತಾಯಿ, ಶಿವಮೊಗ್ಗ

ಅಮ್ಮಾ, ಅವನು ಕೇಳಿದ ತಕ್ಷಣ ಒಪ್ಕೊಂಡ ಅಂತ ಬರ್ದಿದೀರಲ್ಲ, ಆ ಸಾಲು ಓದಿ ನನಗೆ ಸ್ವಲ್ಪ ಉಸಿರು ಬಂತು. ಬಾಗಿಲು ಇನ್ನೂ ಹಾಕ್ಕೊಂಡಿಲ್ಲ ಅವನು.

ಮೊದ್ಲು ಪೊಲೀಸು, ಪಾಸ್‌ಪೋರ್ಟು ಭಯ. 18 ತುಂಬದೇ ಇರೋರಿಗೆ 2015ರ ಬಾಲ ನ್ಯಾಯ ಕಾಯ್ದೆ ಅನ್ವಯ ಆಗತ್ತೆ. ಸ್ವಲ್ಪ ಗಾಂಜಾ ಇಟ್ಕೊಂಡಿದ್ದು, ಸೇದಿದ್ದು ಇಂಥದ್ದಕ್ಕೆ ಹುಡುಗನೊಬ್ಬನ ಮೇಲೇ ಎಫ್‌ಐಆರ್ ಹಾಕೋ ಪದ್ಧತಿ ಇಲ್ಲ, ಠಾಣೆ ದಿನಚರೀಲಿ ಬರ್ಕೊಂಡು ಬಾಲ ನ್ಯಾಯ ಮಂಡಳಿಗೆ ವರದಿ ಕಳ್ಸಬೇಕು. ಲಾಕಪ್ಪಿಗೆ ಹಾಕೋ ಹಂಗಿಲ್ಲ, ಕೈಕೋಳ ಹಾಕೋ ಹಂಗಿಲ್ಲ, ಹೆಸರು ಫೋಟೋ ಯಾವ ಪೇಪರು ಚಾನಲ್ಲೂ ಹಾಕೋ ಹಂಗಿಲ್ಲ. ಇಂಥಾ ಕೇಸು ಮುಂದೆ ಅವನ ಓದಿಗೆ, ನೌಕರಿಗೆ ಅನರ್ಹತೆ ಆಗಬಾರ್ದು ಅಂತ ಕಾಯ್ದೆ 24ನೇ ಸೆಕ್ಷನ್ನಲ್ಲೇ ಇದೆ. ನಿಮ್ಮಣ್ಣಂಗೆ ಇದನ್ನ ಓದಿ ಹೇಳಿ. ಅವನಿಗೆ ಇದನ್ನ ಕೊಟ್ಟೋನು ಯಾರು ಅನ್ನೋದು ಬೇರೆ ವಿಷ್ಯ, ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟೋರಿಗೆ 7 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ, 77ನೇ ಸೆಕ್ಷನ್ನು. ಆ ಮಾಹಿತಿ ಕೊಡೋಕೆ 1933 ನಂಬರಿದೆ, ಹೆಸರು ಹೇಳ್ಬೇಕಾಗಿಲ್ಲ.

ಇನ್ನು ಚಿಕಿತ್ಸೆ. ಮೆಗ್ಗಾನ್ ಆಸ್ಪತ್ರೇಲಿ ಮಾನಸಿಕ ವಿಭಾಗ ಇದೆ, ಓಪಿಡಿ ಚೀಟಿ ಮಾಡ್ಸಿ ಹೋದ್ರೆ ಆಯ್ತು, ಯಾರೂ ನಿಮ್ಮನ್ನ ಬೆರಳು ಮಾಡಿ ತೋರ್ಸಲ್ಲ, ಅಲ್ಲಿ ಬರೋರೆಲ್ಲ ನಿಮ್ಮ ಹಂಗೇ ಬಂದಿರ್ತಾರೆ. ತಾಲ್ಲೂಕಿನೋರು ಓದ್ತಿದ್ರೆ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ಮನೋವೈದ್ಯರು ಬರ್ತಾರೆ, ಹದಿಹರೆಯದೋರಿಗೆ ಅಂತ್ಲೇ ಸ್ನೇಹ ಕ್ಲಿನಿಕ್ಕೂ ಇದೆ. ಹೋಗೋ ಧೈರ್ಯ ಇವತ್ತು ಬರ್ಲಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ವ್ಯಸನಮುಕ್ತಿಗೇ ಬೇರೆ ನಂಬರು 14446.

ಅವರಪ್ಪಂಗೆ ಹೇಳ್ಬೇಕು ಅಮ್ಮಾ, ಒಬ್ರೇ ಹೊತ್ಕೊಂಡು ತಿರುಗೋ ಹೊರೆ ಅಲ್ಲ ಇದು. ಆದ್ರೆ ಮನೇಲಿ ಹೇಳ್ಬೇಡಿ, ಡಾಕ್ಟ್ರ ಎದುರಿಗೆ ಹೇಳಿ. ನಾನು ನೋಡಿದ ಹಂಗೆ ನಮ್ಮ ಕಡೆ ಗಂಡಸರು ಡಾಕ್ಟ್ರ ಮುಂದೆ ಕೈ ಎತ್ತಲ್ಲ.

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಅಳಿಯ ಅಮೆರಿಕದಲ್ಲಿದಾರೆ. ಅಲ್ಲಿ ಇಂಥಾ ಕೆಲ್ಸಕ್ಕೆ ಸರ್ಕಾರವೇ ಶಾಲೆಗಳಿಗೆ ಕೋಟ್ಯಂತರ ಡಾಲರ್ ಕೊಡುತ್ತಂತೆ. ನಮ್ಮಲ್ಲೂ ಹಾಗೇ ಕೊಟ್ಟರೆ ಸಮಸ್ಯೆ ಪರಿಹಾರ ಆಗುವುದಿಲ್ಲವೇ?
— ನಿವೃತ್ತ ನೌಕರರು, ಸಾಗರ

ಕೊಟ್ಟಿದ್ರು ಸ್ವಾಮಿ, ಅದರ ಕಥೆ ಕೇಳಿದ್ರೆ ನಿಮಗೇ ನಗು ಬರತ್ತೆ, ಅಥವಾ ಅಳು. 1986ರಲ್ಲಿ ಅವರು ಡ್ರಗ್ಸ್ ಮುಕ್ತ ಶಾಲೆ ಅಂತ ಕಾನೂನು ಮಾಡಿ ರಾಜ್ಯಗಳಿಗೆ ದುಡ್ಡು ಕೊಡೋಕೆ ಶುರು ಮಾಡಿದ್ರು, 1994ರಲ್ಲಿ ಅದಕ್ಕೇ ಹಿಂಸೆ ತಡೆಯೋದನ್ನೂ ಸೇರಿಸಿದ್ರು. ಒಂದೊಂದು ವರ್ಷ ನಲವತ್ತು ಕೋಟಿ ಡಾಲರ್ ಮೇಲೇ ಹೋಗಿದ್ದುಂಟು. ಆದ್ರೆ ಹಂಚಿದ್ದು ಹೆಂಗೆ ಅಂದ್ರೆ ಮದುವೆ ಮನೇಲಿ ಎಲ್ಲರ ಎಲೆಗೂ ಒಂದೊಂದು ಚಮಚ ಪಾಯಸ ಬಡಿಸಿದ ಹಂಗೆ, ದೇಶದ ಎಲ್ಲಾ ಶಾಲಾ ಜಿಲ್ಲೆಗೂ ಸ್ವಲ್ಪ ಸ್ವಲ್ಪ, ಸಣ್ಣ ಊರಿಗೆ ಬಂದಿದ್ರಲ್ಲಿ ಒಬ್ಬ ಮನುಷ್ಯನ ಸಂಬಳನೂ ಹುಟ್ಟಲ್ಲ. ಅಷ್ಟು ದುಡ್ಡಲ್ಲಿ ಏನು ಮಾಡ್ತಾರೆ, ಭಾಷಣ, ಪೋಸ್ಟರು, ಟೀ ಶರ್ಟು. ಕೊನೆಗೆ ಇದ್ರಿಂದ ಏನು ಉಪಯೋಗ ಆಯ್ತು ತೋರ್ಸಿ ಅಂದಾಗ ತೋರ್ಸೋಕಾಗದೆ 2010ಕ್ಕೆ ರಾಜ್ಯಗಳಿಗೆ ಕೊಡೋ ಆ ಅನುದಾನ ನಿಲ್ಲಿಸಿಬಿಟ್ರು.

ಅಲ್ಲೇ ಇನ್ನೊಂದು, ಡೇರ್ ಅಂತ, 1983ರಲ್ಲಿ ಲಾಸ್ ಏಂಜಲೀಸಲ್ಲಿ ಶುರುವಾಗಿದ್ದು. ಯೂನಿಫಾರ್ಮ್ ಹಾಕಿದ ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡೋದು. ಅಪ್ಪ ಅಮ್ಮಂದಿರಿಗೆ ಖುಷಿ, ಮೇಷ್ಟ್ರುಗಳಿಗೆ ಒಂದು ಪೀರಿಯಡ್ ಬಿಡುವು, ರಾಜಕೀಯದೋರಿಗೆ ಫೋಟೋ. 2003ರಲ್ಲಿ ಅವರದ್ದೇ ಸರ್ಕಾರದ ಲೆಕ್ಕ ತನಿಖೆ ಸಂಸ್ಥೆ ಹಳೇ ಅಧ್ಯಯನಗಳನ್ನೆಲ್ಲ ಮುಂದಿಟ್ಕೊಂಡು ನೋಡಿದ್ರೆ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಡ್ರಗ್ಸ್ ವಿಷ್ಯದಲ್ಲಿ ಹೇಳ್ಕೊಳ್ಳೋ ಅಂಥಾ ವ್ಯತ್ಯಾಸ ಇಲ್ಲ. ಆಮೇಲೆ ಅವರೂ ಪಾಠ ಬದಲಾಯಿಸಿದ್ರು.

ಕೆಲ್ಸ ಮಾಡಿದ್ದು ಯಾವುದು ಗೊತ್ತಾ, ಬಾಲ್ಟಿಮೋರ್ ಅನ್ನೋ ಊರಲ್ಲಿ 80ರ ದಶಕದಲ್ಲಿ ಒಂದನೇ ಕ್ಲಾಸಿನ ಮಕ್ಕಳ ಜೊತೆ ಆಡಿಸಿದ ಒಂದು ಆಟ. ಕ್ಲಾಸನ್ನ ಎರಡು ಮೂರು ತಂಡ ಮಾಡಿ, ಗಲಾಟೆ ಕಮ್ಮಿ ಮಾಡಿದ ತಂಡಕ್ಕೆ ಸಣ್ಣ ಬಹುಮಾನ, ಅಷ್ಟೇ. ಡ್ರಗ್ಸು ಅನ್ನೋ ಶಬ್ದವೇ ಇಲ್ಲ ಅದ್ರಲ್ಲಿ. ಆ ಮಕ್ಕಳು 19, 20 ವರ್ಷದೋರಾದ ಮೇಲೆ ಹುಡುಕ್ಕೊಂಡು ಹೋಗಿ ನೋಡಿದ್ರೆ, ಚಿಕ್ಕೋರಿದ್ದಾಗ ಬಹಳ ಜಗಳಗಂಟರಾಗಿದ್ದ ಹುಡುಗರಲ್ಲೇ ಚಟನೂ ಕಮ್ಮಿ ಹೊಡೆದಾಟನೂ ಕಮ್ಮಿ ಕಂಡಿತ್ತು. ಖರ್ಚು ಮೇಷ್ಟ್ರ ತರಬೇತಿದು ಮಾತ್ರ. ನಮ್ಮ ನಿಮ್ಹಾನ್ಸ್‌ನವರೂ ಹೈಸ್ಕೂಲ್ ಮಕ್ಕಳಿಗೆ ಜೀವನ ಕೌಶಲ್ಯ ಅಂತ ಪಾಠ ಮಾಡಿದಾರೆ, ಆಯಾ ಶಾಲೆ ಮೇಷ್ಟ್ರುಗಳೇ ಕಲಿಸೋ ಹಂಗೆ, ಸ್ನೇಹಿತ ಸಿಗರೇಟು ಚಾಚಿದಾಗ ಬೇಡ ಅನ್ನೋದು ಹೆಂಗೆ, ಸಿಟ್ಟು ಬಂದಾಗ ಏನು ಮಾಡೋದು ಇಂಥದ್ದು. ಹಂಗಾಗಿ ಸಾಗರದ ಸ್ವಾಮಿಗಳೇ, ದುಡ್ಡು ಕೇಳೋಣ, ಖಂಡಿತ ಕೇಳೋಣ, ಆದ್ರೆ ಅದು ಫ್ಲೆಕ್ಸ್ ಅಂಗಡಿಗೆ ಹೋಗದೆ ಮೇಷ್ಟ್ರ ತರಬೇತಿಗೆ, ಶಾಲೆ ಶಾಲೆಗೆ ಒಬ್ರು ಕೌನ್ಸೆಲರಿಗೆ ಹೋಗ್ಲಿ ಅಂತ ಕೇಳೋಣ.

ಪ್ರಶ್ನೆ: ನಮ್ಮ ಮಕ್ಕಳ ಶಾಲೆ ಗೇಟಿನ ಎದುರೇ ಗುಟ್ಕಾ ಮಾಲೆ ತೂಗು ಹಾಕಿರ್ತಾರೆ. ಬ್ಯಾನ್ ಅಂತಾರಲ್ಲ, ಎಲ್ಲಿ ಬ್ಯಾನ್?
— ಭದ್ರಾವತಿ

ತಂಬಾಕು ಸೇರಿಸಿದ ಗುಟ್ಕಾ ನಮ್ಮ ರಾಜ್ಯದಲ್ಲಿ ಬ್ಯಾನ್ ಆಗಿದ್ದು 2013ರಲ್ಲಿ. ಕಂಪನಿಗಳು ಬುದ್ಧಿವಂತರು, ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿದ್ರು, ಹುಡುಗರು ಅಂಗೈಯಲ್ಲೇ ಮಿಕ್ಸ್ ಮಾಡ್ಕೋತಾರೆ. ಆದ್ರೂ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರೋ ಹಂಗಿಲ್ಲ ಅಂತ 2003ರ ತಂಬಾಕು ಕಾಯ್ದೇಲೇ ಇದೆ, ಕೊಳ್ಳೋನ ವಯಸ್ಸು ಅದ್ರಲ್ಲಿ 18, ನಮ್ಮ ರಾಜ್ಯ ತಿದ್ದುಪಡಿ ತಂದು 21 ಮಾಡಿದೆ. ಹಳೇ ಕಾಯ್ದೇಲಿ ದಂಡ 200 ರೂಪಾಯಿ ತನಕ ಇತ್ತು, ಅಂಗಡಿಯೋನು ಅದನ್ನ ಬೆಳಿಗ್ಗೆ ಬೋಣಿಯಲ್ಲೇ ದುಡೀತಿದ್ದ, ತಿದ್ದುಪಡೀಲಿ 1,000ದ ತನಕ ಏರಿಸಿದ್ರೂ ಅವನಿಗೆ ಅದು ದೊಡ್ಡದಲ್ಲ. ಅದಕ್ಕೇ ಅರ್ಜಿ ಬರೆಯೋವಾಗ ಮೇಲೆ ಹೇಳಿದ ಬಾಲ ನ್ಯಾಯ ಕಾಯ್ದೆ 77ನೇ ಸೆಕ್ಷನ್ನೂ ಬರೀರಿ, ಮಕ್ಕಳಿಗೆ ತಂಬಾಕು ಕೊಟ್ರೂ ಅದು ಬೀಳತ್ತೆ, 7 ವರ್ಷ ಅಂತ ಓದಿದ್ರೆ ಮಾಲೆ ತಾನಾಗೇ ಇಳಿಯತ್ತೆ. ಶಾಲೆಯಿಂದ 100 ಗಜಕ್ಕೆ ರಸ್ತೆ ಮೇಲೆ ಹಳದಿ ಗೆರೆ ಹಾಕ್ಬೇಕು ಅಂತಾನೂ ಇದೆ, ಒಂದು ಡಬ್ಬ ಬಣ್ಣ, ಒಂದು ಬ್ರಷ್ಷು, ಇದಕ್ಕೆ ಯಾವ ಅನುದಾನನೂ ಕಾಯ್ಬೇಡಿ.

ಒಂದು ಮಾತು ಸೇರಿಸ್ತೀನಿ, ಬೈಕೊಳ್ಳೋರು ಬೈಕೊಳ್ಳಿ. ನಮ್ಮ ತೋಟದ ಅಡಿಕೆ ಆ ಪೊಟ್ಟಣದೊಳಗೇ ಇರೋದು. 2013ರಲ್ಲಿ ಬ್ಯಾನ್ ಆದಾಗ ರೇಟು ಬೀಳತ್ತೆ ಅಂತ ಎದೆ ಹೊಡ್ಕೊಂಡೋರಲ್ಲಿ ನಾನೂ ಒಬ್ಬ, ನನಗೂ ಒಂದೂವರೆ ಎಕರೆ ಇದೆ.

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಟೀಚರ್. ನನ್ನನ್ನ ಆರೋಗ್ಯ ರಾಯಭಾರಿ ಅಂತ ಮಾಡಿದಾರೆ, ಮಾದಕ ವಸ್ತು, ಹಿಂಸೆ ಎಲ್ಲಾ ನಾನೇ ಪಾಠ ಮಾಡ್ಬೇಕು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರ್ಲಿಲ್ಲ ಅಂದ್ರೆ ನೋಟಿಸು, ಇದನ್ನ ಯಾವಾಗ ಮಾಡ್ಲಿ?
— ಸೊರಬ ತಾಲ್ಲೂಕು

ತಾಯಿ, ನಿಮ್ಮ ಸಂಕಟ ಗೊತ್ತು. 2020ರ ಫೆಬ್ರವರೀಲಿ ಆಯುಷ್ಮಾನ್ ಭಾರತ್ ಅಡಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮ ಅದು, ಒಂದೊಂದು ಶಾಲೆಗೆ ಇಬ್ರು ಮೇಷ್ಟ್ರು, ಒಬ್ರು ಗಂಡು ಒಬ್ರು ಹೆಣ್ಣು, 11 ವಿಷ್ಯ, ವಾರಕ್ಕೆ ಒಂದು ಗಂಟೆ, 24 ವಾರ. ಕಾಗದದ ಮೇಲೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ, ಡ್ರಗ್ಸೂ ಇದೆ, ಹಿಂಸೆಯಿಂದ ಸುರಕ್ಷತೆನೂ ಇದೆ, ಮೊಬೈಲೂ ಇದೆ, ಮನಸ್ಸಿನ ವಿಷ್ಯನೂ ಇದೆ. ಪೀರಿಯಡ್ ಮಾತ್ರ ಗಣಿತ ತಿಂದುಬಿಡತ್ತೆ. ಗಣಿತದ ಮೇಷ್ಟ್ರಾಗಿ ನಾನೇ ಎಷ್ಟು ತಿಂದಿದೀನೋ. ಹತ್ತನೇ ಕ್ಲಾಸು ಬಿಡಿ, ಎಂಟನೇ ಕ್ಲಾಸಿಗೆ ಜೂನಿಂದ ನವೆಂಬರ್ ಒಳಗೆ ಮುಗಿಸಿ, ಆಗ ಯಾರೂ ರಿಸಲ್ಟ್ ಕೇಳಲ್ಲ. ಟೈಮ್ ಟೇಬಲ್ಲಿನಲ್ಲಿ ಬರ್ದು ಗೋಡೆಗೆ ಅಂಟಿಸಿ, ಶನಿವಾರ ಕೊನೇ ಪೀರಿಯಡ್ ಮಾತ್ರ ತಗೋಬೇಡಿ, ಮಕ್ಕಳ ಕಿವಿ ಬಸ್ಸಿನ ಹಾರನ್ ಕಡೆ ಇರತ್ತೆ. ಪ್ರಹರಿ ಕ್ಲಬ್ಬು, ಅಂದ್ರೆ ಡ್ರಗ್ಸ್ ತಡೆಯೋಕೆ ಶಾಲೆ ಮಕ್ಕಳದ್ದೇ ಗುಂಪು, ಮಾಡಿ ಅಂತ ಸುತ್ತೋಲೆ ಬಂದಿದ್ರೆ ಬರೀ ಜಾಣ ಮಕ್ಕಳನ್ನ ಸೇರಿಸ್ಬೇಡಿ, ಹಿಂದಿನ ಬೆಂಚಿಂದ ನಾಲ್ಕು ಜನ ಇರ್ಲಿ.

ಪ್ರಶ್ನೆ: ಸಾರ್ ನಾನು ಹಾಸ್ಟೆಲಲ್ಲಿ ಇದೀನಿ. ದೊಡ್ಡ ಹುಡುಗ್ರು ರಾತ್ರಿ ಹೊಡೀತಾರೆ, ಬೀಡಿ ತಂದ್ಕೊಡು ಅಂತಾರೆ. ವಾರ್ಡನ್‌ಗೆ ಹೇಳಿದ್ರೆ ಅವರೂ ಕೋಲಲ್ಲಿ ಎಲ್ರಿಗೂ ಹೊಡೀತಾರೆ, ಆಮೇಲೆ ಅವ್ರು ನಂಗೆ ಡಬಲ್ ಹೊಡೀತಾರೆ. ಊರಿಗೆ ವಾಪಸ್ ಹೋಗ್ಲಾ?
— ಊರು ಬರ್ದಿಲ್ಲ

ಮಗಾ, ನಿನ್ನ ಇನ್‌ಲ್ಯಾಂಡ್ ಲೆಟರ್ ಮೇಲೆ ಅಂಚೆ ಮುದ್ರೆ ಮಸುಕಾಗಿದೆ, ಯಾವೂರು ಅಂತ ನಾನೂ ಹುಡುಕಲ್ಲ. ನೀನು ಹೇಳಿದ್ದು ಚಾಡಿ ಅಲ್ಲ. 1098 ಅಂತ ನಂಬರಿದೆ, ಮಕ್ಕಳ ಸಹಾಯವಾಣಿ, ಯಾರ ಫೋನಿಂದ ಮಾಡಿದ್ರೂ ಫ್ರೀ, ಹಗಲು ರಾತ್ರಿ ಯಾವಾಗಾದ್ರೂ. ನಿನ್ನ ಹೆಸರು ಆ ದೊಡ್ಡ ಹುಡುಗರಿಗೆ ಗೊತ್ತಾಗ್ಬಾರ್ದು ಅಂತ ಮೊದ್ಲೇ ಹೇಳು. ಮಾರ್ಕೆಟ್ಟಿಗೆ ಹೋದಾಗ ಅಂಗಡಿಯೋರ ಹತ್ರ ಫೋನ್ ಕೇಳು, ಕೊಡ್ತಾರೆ. ಅಪ್ಪ ಅಮ್ಮಂಗೆ ಇವತ್ತೇ ಕಾಗದ ಬರಿ, ನನಗೆ ಬರ್ದ ಹಂಗೇ ಬರಿ.

ವಾರ್ಡನ್ ಇದನ್ನ ಓದ್ತಿದ್ರೆ: ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡೋ ಹಂಗಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಹೇಳತ್ತೆ, ಮಕ್ಕಳನ್ನ ನೋಡ್ಕೊಳ್ಳೋರೇ ಹೊಡೆದ್ರೆ ಬಾಲ ನ್ಯಾಯ ಕಾಯ್ದೆ 75ನೇ ಸೆಕ್ಷನ್ ಇದೆ. ಕೋಲು ಹಿಡಿದೋರು ಹಿಂಸೆ ತಡೆಯೋ ಭಾಷಣಕ್ಕೆ ಚೀಫ್ ಗೆಸ್ಟ್ ಆಗಿ ಬಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಮಕ್ಕಳು ಮುಖ ಮುಖ ನೋಡ್ಕೊಂಡು ನಗ್ತಿದ್ರು.

ಪ್ರಶ್ನೆ: ಮೇಷ್ಟ್ರೇ ನಾನು ನಿಮ್ಮ ಹಳೇ ಸ್ಟೂಡೆಂಟು. ಇಷ್ಟೆಲ್ಲ ಬರೀತೀರಲ್ಲ, ನೀವೇ ಸೈಕಲ್ ಸ್ಟ್ಯಾಂಡ್ ಹಿಂದೆ ಬೀಡಿ ಸೇದ್ತಿದ್ರಿ, ಮರ್ತೋಯ್ತಾ?
— ಈಗ ಬೆಂಗಳೂರು

ಮರ್ತಿಲ್ಲ ಕಣಯ್ಯಾ. ಮಧ್ಯಾಹ್ನ ಊಟದ ಬೆಲ್ಲಾದ ಮೇಲೆ ದಿನಕ್ಕೆ ಎರಡು. ಬಿಟ್ಟಿದ್ದು ಒಂದ್ಸಲ ಏಳನೇ ಕ್ಲಾಸಿನ ಹುಡುಗ ಅಲ್ಲಿ ಸೈಕಲ್ ತಗೊಳ್ಳೋಕೆ ಬಂದು, ನನ್ನ ನೋಡಿ ನಮಸ್ಕಾರ ಸಾರ್ ಅಂದು, ನಾನು ಬೀಡಿ ಮುಚ್ಚಿಟ್ಕೊಂಡು ಅಂಗೈ ಸುಟ್ಕೊಂಡ ದಿನ. ಆ ಹುಡುಗ ನೀನೇನಾ?